ಎರಡು ಹರಳು ಉಪ್ಪು

ನನ್ನ ಮನೆಗೆ ಊಟಕ್ಕೆ ಬಂದವರು ಮೊದಲ ತುತ್ತು ನುಂಗಿದ ಕೂಡಲೇ ನನ್ನ ಮುಖ ನೋಡುತ್ತಾರೆ. ಸಂಕೋಚದವರು ನೀರು ಕುಡಿಯುತ್ತಾರೆ, ಸಲುಗೆಯವರು ಎದ್ದು ತಾವೇ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದುಕೊಳ್ಳುತ್ತಾರೆ. ನನ್ನ ಸೊಸೆ ಬಂದ ಹೊಸದರಲ್ಲಿ ಅತ್ತೆಗೆ ಮರೆವಿನ ಕಾಯಿಲೆಯೇನೋ ಎಂದು ಗಂಡನ ಹತ್ತಿರ ಪಿಸುಗುಟ್ಟಿದ್ದಳಂತೆ. ಮರೆವೇನಿಲ್ಲ. ಈಚೆಗೆ ಹೊಸಕೋಟೆಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿ, "ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿದೆಯಲ್ಲ ಅಜ್ಜಿ, ಏನು ಊಟ ಮಾಡ್ತೀರಿ?" ಎಂದು ಕೇಳಿದರು. "ಸಪ್ಪೆ" ಎಂದೆ. ಯಾರು ಹೇಳಿಕೊಟ್ಟರು ಎಂದು ಕೇಳಿದಾಗ ಸೆರಗು ಸರಿಮಾಡಿಕೊಂಡು ಎದ್ದೆ. ಹೊರಗೆ ರೋಗಿಗಳ ಸಾಲು ಕಾದಿತ್ತು. ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ನಾನು ಹುಟ್ಟಿ ಬೆಳೆದ ಮನೆ ನಂದಗುಡಿಯಿಂದ ಹರದಾರಿ ದೂರದ ಹಳ್ಳಿಯಲ್ಲಿತ್ತು. ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಬಲಕ್ಕೆ ಹಜಾರ. ದನಗಳೂ ನಾವೂ ಎದುರುಬದುರಾಗಿ ಮೇಯುವವರು ಎಂದು ದೊಡ್ಡಪ್ಪ ಹಾಸ್ಯ ಮಾಡುತ್ತಿದ್ದ. ಹಜಾರದ ಹಿಂದೆ ಹೊಗೆಗೆ ಕಪ್ಪಾದ ಅಡುಗೆಕೋಣೆ, ಅದರೊಳಗೆ ಒಂದೇ ಒಂದು ಒಲೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿ ಬೆಳಕಿರುವಾಗಲೇ ಸಂಜೆಯ ಊಟ ಮುಗಿಸುತ್ತಿದ್ದೆವು. ಹಜಾರದಲ್ಲಿ ದೊಡ್ಡಪ್ಪ ಗೋಡೆಗೆ ಒರಗಿ ಮೊದಲು ಕೂರುವನು, ಪಕ್ಕದಲ್ಲಿ ಅಪ್ಪ, ಆಮೇಲೆ ದೊಡ್ಡಪ್ಪನ ಮಕ್ಕಳು, ಕೊನೆಗೆ ನಾನು ಮತ್ತು ದೊಡ್ಡಪ್ಪನ ಮಗಳು ಗೌರಿ. ಗೌರಿ ನನಗಿಂತ ಸ್ವಲ್ಪ ದೊಡ್ಡವಳು. ನನ್ನ ತಟ್ಟೆಯ ಅವರೆಕಾಳು ಎತ್ತಿಕೊಂಡು ತನ್ನ ತಟ್ಟೆಯ ಮೆಣಸಿನಕಾಯಿ ನನಗೆ ಹಾಕುವುದು ಅವಳ ದಿನದ ಕೆಲಸ. ಬಿಸಿ ಮುದ್ದೆ, ಉಪ್ಸಾರು, ಮೇಲೊಂದು ಉಂಡೆ ಖಾರ. ಉಪ್ಸಾರೆಂದರೆ ಕಾಳು ಸೊಪ್ಪು ಬೇಯಿಸಿದ ಉಪ್ಪುನೀರು. ಅದರಲ್ಲಿ ಉಪ್ಪೇ ರಾಜ. ದೊಡ್ಡಮ್ಮ ಉಪ್ಪಿನ ಗಡಿಗೆಗೆ ಕೈಯಿಟ್ಟು ಎಷ್ಟು ಬಂತೋ ಅಷ್ಟನ್ನು ನೋಡದೆ ಮಡಕೆಗೆ ಹಾಕುತ್ತಿದ್ದಳು. ಆ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಊಟದ ಕೊನೆಗೆ ಅಪ್ಪ ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಟ್ಟೆಯಲ್ಲಿ ಉಳಿಸುತ್ತಿದ್ದ. ಆ ಕೊನೆಯ ತುತ್ತು ನನ್ನದು. ಗೌರಿಗೆ ಅದರಲ್ಲಿ ಪಾಲಿಲ್ಲ. ನನ್ನ ಇಡೀ ಬಾಲ್ಯದಲ್ಲಿ ನನಗೊಬ್ಬಳಿಗೇ ಎಂದು ಇದ್ದದ್ದು ಅದೊಂದೇ.

ಒಲೆ ಒಂದೇ ಎಂದೆನಲ್ಲ, ಅದು ನಮ್ಮ ಕಡೆ ದೊಡ್ಡ ಮಾತು. ಹೊಲ ಬೇರೆಬೇರೆ ಉತ್ತರೂ ದನ ಬೇರೆಬೇರೆ ಕಟ್ಟಿದರೂ ಒಲೆ ಒಂದಿದ್ದರೆ ಮನೆ ಒಂದು. ಅಣ್ಣತಮ್ಮಂದಿರು ಪಾಲಾದಾಗ ಊರ ಹಿರಿಯರ ಎದುರು ಹಳೆಯ ಒಲೆಯಿಂದ ಒಂದು ಕೆಂಡ ತೆಗೆದು ಕಿರಿಯವನ ಹೆಂಡತಿಯ ಕೈಗೆ ಕೊಡುತ್ತಿದ್ದರು. ಅವಳು ಅದನ್ನು ತೆಂಗಿನ ಚಿಪ್ಪಿನಲ್ಲಿ ಹೊತ್ತು ಹೋಗಿ ಹೊಸ ಒಲೆ ಹಚ್ಚಿದರೆ ಮುಗಿಯಿತು, ಅಂದಿನಿಂದ ಎರಡು ಮನೆ. ನಮ್ಮ ಮನೆಯಲ್ಲಿ ಅದು ಆಗುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಅಪ್ಪನ ತಾಯಿ ತೀರಿಕೊಂಡಾಗ ಅಪ್ಪ ಇನ್ನೂ ಅಂಗಳದಲ್ಲಿ ಬರಿಮೈಯಲ್ಲಿ ಆಡುವ ಮಗುವಂತೆ. ಆಗಷ್ಟೇ ಸೊಸೆಯಾಗಿ ಬಂದಿದ್ದ ದೊಡ್ಡಮ್ಮ ಅವನನ್ನು ಪಿಳ್ಳ ಎಂದು ಕರೆದು ಮಡಿಲಲ್ಲಿ ಕೂರಿಸಿಕೊಂಡು ಉಣ್ಣಿಸಿ ಬೆಳೆಸಿದಳು. ಅಪ್ಪ ಮೀಸೆ ಬಂದ ಮೇಲೂ ಅವಳ ಮುಂದೆ ಧ್ವನಿ ಎತ್ತಿದವನಲ್ಲ.

ಅಂಥ ಅಪ್ಪನ ಮುಖ ಒಂದು ವರ್ಷ ಬೆಳಗಾಗೆದ್ದರೆ ಊದಿಕೊಂಡಿರತೊಡಗಿತು. ಮೊದಮೊದಲು ನಾವು ಮಕ್ಕಳು ನಗುತ್ತಿದ್ದೆವು. ಆಮೇಲೆ ಕಾಲು ಊದಿತು. ಬೆರಳಿನಿಂದ ಒತ್ತಿದರೆ ಹಸಿ ಗೋಡೆಗೆ ಒತ್ತಿದ ಹಾಗೆ ಗುಳಿ ಉಳಿಯುತ್ತಿತ್ತು. ಎಕ್ಕಡ ಹಿಡಿಸದೆ ಅದನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಿದ್ದ. ನಾಟಿ ಔಷಧಿಗಳೆಲ್ಲ ಮುಗಿದ ಮೇಲೆ ದೊಡ್ಡಪ್ಪ ಅವನನ್ನು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದ. ಅವರು ವಾಪಸು ಬಂದ ದಿನ ಹಜಾರದಲ್ಲಿ ಎಲ್ಲರೂ ಕೂತಿದ್ದೆವು. ಅಪ್ಪ ನಗುತ್ತಲೇ ಹೇಳಿದ:

"ಮೂತ್ರದ ಗುಂಡಿಕಾಯಿ ಸೋತೈತಂತೆ. ವಾಸಿಯಾಗೋ ಕಾಯ್ಲೆ ಅಲ್ವಂತೆ, ಕಾಪಾಡ್ಕೊಂಡು ಹೋಗೋ ಕಾಯ್ಲೆಯಂತೆ. ಉಪ್ಪು ಮುಟ್ಟಬ್ಯಾಡ ಅಂದವ್ರೆ. ಉಪ್ಪು ಬಿಟ್ರೆ ಬದುಕ್ತೀಯ, ಇಲ್ದಿದ್ರೆ ಇಲ್ಲ ಅಂದ್ರು."

"ಉಪ್ಪಿಲ್ದೆ ಯಾರಾನಾ ಬದುಕ್ತಾರೇನೋ ಪಿಳ್ಳ?" ಎಂದಳು ದೊಡ್ಡಮ್ಮ.

"ಅವರು ಹೇಳಿದ್ಮೇಲೆ ಹಂಗೇ ಮಾಡ್ಬೇಕು ಕಣೆ. ಇವನಿಗೆ ಬೇರೆ ಮಡಕೇಲಿ ಬೇಯ್ಸಿಕ್ಕು" ಎಂದ ದೊಡ್ಡಪ್ಪ. ಅವನ ಮಾತಿಗೆ ಎದುರಿಲ್ಲ. ಅಂದಿನಿಂದ ಅದೇ ಒಲೆಯ ಪಕ್ಕದಲ್ಲಿ, ಕೆಂಡದ ಮೇಲೆ, ಒಂದು ಸಣ್ಣ ಮಡಕೆ ಕೂತಿತು. ಅಪ್ಪನ ಊಟ ಅದರಲ್ಲಿ.

ತಿಂಗಳು ಕಳೆದರೂ ಊತ ಇಳಿಯಲಿಲ್ಲ. ಹೆಚ್ಚಾಯಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದ. ಪಥ್ಯ ಇಷ್ಟು ಕಟ್ಟುನಿಟ್ಟಾಗಿ ನಡೆದರೂ ಹೀಗೇಕೆ ಎಂದು ಅವ್ವ ದೇವರಿಗೆ ಹರಕೆ ಹೊತ್ತಳು. ಪಥ್ಯ ಶುರುವಾದ ಮೇಲೆ, ರೋಗಿಯ ತಟ್ಟೆಯದು ಮಕ್ಕಳಿಗೆ ಬೇಡವೆಂದು ನನಗೆ ಕೊನೆಯ ತುತ್ತು ತಪ್ಪಿಹೋಗಿತ್ತು. ಒಂದು ಸಂಜೆ ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆಯಲು ಹೋದಾಗ ನಾನು ತಡೆಯಲಾರದೆ ಅವನ ತಟ್ಟೆಯಿಂದ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡೆ. ತಟ್ಟೆ ಎತ್ತಲು ಬಂದ ಅವ್ವನಿಗೆ ಹೇಳಿದೆ:

"ಅವ್ವಾ, ಅಪ್ಪಂದೂ ನಮ್ ಸಾರ್ನಂಗೇ ಐತೆ."

ಅವ್ವ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ನನ್ನ ಬಾಯಿ ಮೇಲೆ ತನ್ನ ಕೈ ಇಟ್ಟಳು. ತಟ್ಟೆ ಹಿಡಿದು ಒಳಗೆ ಹೋದವಳ ಸೆರಗು ಹಿಡಿದು ನಾನೂ ಹೋದೆ.

"ಅಕ್ಕಾ, ಇದ್ಕೆ ಉಪ್ಪು ಬಿದ್ದೈತೆ" ಎಂದಳು ಅವ್ವ, ಮೆಲ್ಲಗೆ.

ದೊಡ್ಡಮ್ಮ ಒಲೆ ಊದುತ್ತಿದ್ದವಳು ತಿರುಗಿ ನೋಡಲಿಲ್ಲ. "ಎರಡೇ ಹರಳು ಕಣೆ ಮುನ್ಯಮ್ಮ" ಎಂದಳು. "ಮೂರು ಹೊತ್ತೂ ಸಪ್ಪೆ ಇಕ್ಕು ಅಂದ್ರೆ ನನ್ ಕೈ ಹೆಂಗೆ ಬತ್ತದೆ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ತಾಯಿಲ್ಲದ ಕೂಸಿಗೆ ಉಪ್ಪೂ ಇಲ್ಲ ಅನ್ಲಾ? ಎರಡು ಹರಳಿಗೆ ಏನಾಗ್ತದೆ?"

ಎರಡು ಹರಳು ಎಂದು ಅವಳು ನಂಬಿದ್ದಳು. ಆದರೆ ಅವಳ ಕೈ ದೊಡ್ಡ ಮಡಕೆಗೆ ಅಭ್ಯಾಸವಾದ ಕೈ.

ಅಪ್ಪನಿಗೆ ಗೊತ್ತಾಗಿರಲಿಲ್ಲವೇ? ನಾಲಿಗೆ ಇದ್ದವನಿಗೆ ಗೊತ್ತಾಗದೆ ಇರುತ್ತದೆಯೇ! ಅವ್ವ ಹಿತ್ತಲಲ್ಲಿ ಅವನನ್ನು ಕೇಳಿದ್ದು ನನಗೆ ಈಗಲೂ ಕೇಳುತ್ತದೆ. "ಗೊತ್ತಿದ್ದೂ ಉಂಡ್ರಾ?" ಅಪ್ಪ, "ಅತ್ತಿಗೆ ಇಕ್ಕಿದ್ದನ್ನ ಬ್ಯಾಡ ಅಂತ ಹೆಂಗೆ ತಳ್ಳಲಿ? ಅದೂ ಅಲ್ದೆ..." ಎಂದು ನಿಲ್ಲಿಸಿದ. ಅದೂ ಅಲ್ಲದೆ ರುಚಿಯಾಗಿತ್ತು. ಅದನ್ನು ಅವನು ಹೇಳಲಿಲ್ಲ, ಅವ್ವನಿಗೆ ಅರ್ಥವಾಯಿತು.

ಅವ್ವ ಯಾರೊಡನೆಯೂ ಜಗಳ ಮಾಡಲಿಲ್ಲ. ದೊಡ್ಡಪ್ಪನಿಗೆ ಹೇಳಿದ್ದರೆ ದೊಡ್ಡಮ್ಮನಿಗೆ ಹಜಾರದ ನಡುವೆ ಛೀಮಾರಿಯಾಗುತ್ತಿತ್ತು. ತಮ್ಮನಿಗೆ ವಿಷವಿಕ್ಕಿದೆ ಎನ್ನುವಷ್ಟು ಕೋಪದ ಮನುಷ್ಯ ಅವನು. ಅದಕ್ಕೇ ಅವ್ವ ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ರಾಗಿ ಬೀಸುವ ಕಲ್ಲಿದ್ದ ಮಾಡಿನ ಕೆಳಗೆ ಮೂರು ಕಲ್ಲು ಇಟ್ಟಳು. ಕೆಂಡ ಎಲ್ಲಿಂದ ತರುವುದು? ನಮ್ಮ ಒಲೆಯಿಂದ ತೆಗೆದರೆ ಪಾಲಾದ ಹಾಗೆ. ಅದಕ್ಕೆ ಹೆದರಿ ಅವಳು ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋಗಿ ಅಲ್ಲಿಂದ ಕೆಂಡ ತಂದು ಒಲೆ ಹಚ್ಚಿದಳು. ಮನೆ ಒಡೆಯಬಾರದೆಂದು ಮಾಡಿದ ಕೆಲಸ ಅದು. ಆದರೆ ಪಾಲಾಗುವವರಾದರೂ ಹಳೆಯ ಒಲೆಗೆ ಕೈ ಮುಗಿದು ಕೆಂಡ ತೆಗೆದುಕೊಂಡು ಹೋಗುತ್ತಾರೆ. ಈಕೆ ಆ ಒಲೆಯ ಬೆಂಕಿಯನ್ನೂ ಮುಟ್ಟಲೊಲ್ಲಳು ಎಂದು ಊರು ಅರ್ಥ ಮಾಡಿಕೊಂಡಿತು. ಪಕ್ಕದ ಮನೆಯಾಕೆ ನೀರಿಗೆ ಹೋದಾಗ ಬಾವಿಕಟ್ಟೆಯಲ್ಲಿ ಹೇಳಿದಳು, ಮಧ್ಯಾಹ್ನದ ಹೊತ್ತಿಗೆ ಅದು ಹೊಲದಲ್ಲಿದ್ದ ದೊಡ್ಡಪ್ಪನ ಕಿವಿಗೆ ಬಿತ್ತು. ಅವನು ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಹೊಗೆಯನ್ನು ನೋಡಿದ. ಹೆಗಲ ಮೇಲಿನ ವಸ್ತ್ರ ಕೊಡವಿ ಒಳಗೆ ಹೋದ. ದೊಡ್ಡಮ್ಮ ಮಾತ್ರ ಒಂದೇ ಮಾತು ಅಂದಳು:

"ನಮ್ಮೊಲೆ ಕೆಂಡಾನೂ ನಿಂಗೆ ಬ್ಯಾಡಾಯ್ತೇನೆ?"

ವಾರದೊಳಗೆ ಸಮೇತನಹಳ್ಳಿಯಿಂದ ಸೋದರತ್ತೆ ಎದೆ ಬಡಿದುಕೊಂಡು ಬಂದಳು. ಅಪ್ಪ ಊದಿದ ಕಾಲು ಚಾಚಿಕೊಂಡು ಕೂತಿದ್ದರೂ ಅವಳ ಕಣ್ಣಿಗೆ ಕಾಲು ಬೀಳಲಿಲ್ಲ, ಮೂರು ಕಲ್ಲೇ ಬಿತ್ತು. "ಮನೆ ಮುರಿಯಾಕೆ ಬಂದೋಳು ನೀನು" ಎಂದು ಅವ್ವನಿಗೆ ಕೈ ತೋರಿಸಿ ಅಂದಳು. ಅವ್ವ ಮುದ್ದೆ ಕೂಡಿಸುತ್ತಿದ್ದಳು, ಕೋಲು ನಿಲ್ಲಿಸಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗುವುದಿಲ್ಲ. ಆದರೆ ಅವ್ವ ತನ್ನ ಬಾಯನ್ನೇ ಮುಚ್ಚಿಕೊಂಡಿದ್ದಳು. ನಿಜ ಗೊತ್ತಿದ್ದ ನನಗೂ ಆಣೆ ಹಾಕಿಸಿದ್ದಳು.

ಗಂಡಸು ಒಬ್ಬನೇ ಕೂತು ಉಣ್ಣಬಾರದು ಎಂದು ನನ್ನನ್ನು ಅಪ್ಪನ ಜೊತೆ ಮಾಡಿನ ಕೆಳಗೆ ಕೂರಿಸಿದರು. ಹಾಗೆ ನಾನು ಹಜಾರದ ಸಾಲು ಬಿಟ್ಟೆ. ಮೊದಲ ದಿನದ ಆ ಸಪ್ಪೆ ಸಾರು ನನಗೆ ನೆನಪಿದೆ. ಬಾಯಿಗೆ ಹೋದದ್ದು ಊಟವೇ ಅಲ್ಲ, ಬೆಚ್ಚನೆಯ ಕೆರೆನೀರು ಎನ್ನಿಸಿತು. ಅತ್ತುಬಿಟ್ಟೆ. ಅಪ್ಪ ನನ್ನ ತಲೆ ಸವರಿ, "ನುಂಗ್ಬಿಡು ನಂಜಿ, ನಾಲಗೆ ಮೇಲೆ ನಿಲ್ಲಿಸ್ಕೊಬ್ಯಾಡ" ಎಂದು ಹೇಳಿಕೊಟ್ಟ. ಅವ್ವ ಉಪ್ಪಿಲ್ಲದ ಊಟಕ್ಕೆ ಜೀವ ಕೊಡಲು ಏನೇನೋ ಮಾಡಿದಳು. ಕೆಂಡದಲ್ಲಿ ಈರುಳ್ಳಿ ಸುಟ್ಟು ಜಜ್ಜಿ ಹಾಕಿದಳು, ಮಾವಿನ ಕಾಲದಲ್ಲಿ ಹುಳಿಮಾವು, ಇಲ್ಲದಾಗ ನಿಂಬೆಹುಳಿ, ಬೆಳ್ಳುಳ್ಳಿ, ಹುರಿದ ಜೀರಿಗೆ. ಬೇಳೆಯನ್ನೂ ಕಮ್ಮಿ ಮಾಡೆಂದು ಡಾಕ್ಟರು ಹೇಳಿದ್ದರಿಂದ ಸೊಪ್ಪು, ಸೋರೆಕಾಯಿ, ಹೀರೆಕಾಯಿಯೇ ಹೆಚ್ಚು. ನಿಧಾನವಾಗಿ ನನ್ನ ನಾಲಿಗೆಗೆ ಬೇರೆ ರುಚಿಗಳು ತಿಳಿಯತೊಡಗಿದವು. ಸೋರೆಕಾಯಿಗೆ ತನ್ನದೇ ಒಂದು ಸಿಹಿಯಿದೆ, ಮುದ್ದೆಗೆ ಮಣ್ಣಿನ ವಾಸನೆಯಿದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಹಜಾರದಿಂದ ನಗು ಕೇಳಿಸುತ್ತಿತ್ತು. ದೊಡ್ಡಪ್ಪನ ಹಾಸ್ಯ, ಗೌರಿಯ ಕೂಗು, ತಟ್ಟೆಗಳ ಸದ್ದು. ಆ ನಗು ಬಂದಾಗಲೆಲ್ಲ ಅಪ್ಪನ ಕೈ ತಟ್ಟೆ ಮತ್ತು ಬಾಯಿಯ ನಡುವೆ ನಿಲ್ಲುತ್ತಿತ್ತು. ತನ್ನ ಅಣ್ಣ ಏನು ಹೇಳಿದನೋ ಎಂದು ಕಿವಿಗೊಡುತ್ತಿದ್ದ. ನಾನು ಮಾತಾಡಿಸಿದರೆ "ಹೂಂ" ಎನ್ನುವನು. ನಮ್ಮಿಬ್ಬರ ಎದುರಿಗಿದ್ದದ್ದು ಬೀಸುವ ಕಲ್ಲು, ಅದರ ಮೇಲೆ ಕೂತು ನಮ್ಮನ್ನು ನೋಡುವ ಕೋಳಿ. ಗೌರಿ ನನ್ನ ಹತ್ತಿರ ಆಡಲು ಬರುವುದು ಬಿಟ್ಟಳು. ಬೀದಿಯಲ್ಲಿ ಸಿಕ್ಕರೆ "ಸಪ್ಪೆ ನಂಜಿ" ಎಂದು ಓಡುತ್ತಿದ್ದಳು. ನಾನು ಒಮ್ಮೆ ಅವಳ ತಟ್ಟೆಗೆಂದು ಅವರೆಕಾಳು ಎತ್ತಿಟ್ಟುಕೊಂಡು ಹಜಾರದ ಬಾಗಿಲವರೆಗೆ ಹೋಗಿ ನಿಂತೆ. ಸಾಲಿನಲ್ಲಿ ನಾನಿದ್ದ ಜಾಗ ಮುಚ್ಚಿಹೋಗಿತ್ತು. ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂತಿದ್ದರು. ನಾನು ವಾಪಸು ಬಂದು ಕಾಳನ್ನು ಕೋಳಿಗೆ ಹಾಕಿದೆ. ಆಮೇಲೆ ಎಷ್ಟೋ ಮನೆಗಳಲ್ಲಿ, ಎಷ್ಟೋ ಮದುವೆಯ ಪಂಕ್ತಿಗಳಲ್ಲಿ ಕೂತಿದ್ದೇನೆ. ನನಗೆ ಜಾಗ ಇಲ್ಲವೇನೋ ಎಂಬ ಅಳುಕು ಇಂದಿಗೂ ಹೋಗಿಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ ಅಪ್ಪನ ಮುಖದ ಮೂಳೆ ಕಾಣಿಸತೊಡಗಿತು. ಕಾಲು ಒತ್ತಿದರೆ ಗುಳಿ ಬೀಳಲಿಲ್ಲ. ಒಂದು ಬೆಳಿಗ್ಗೆ ಅವನು ಗೂಟದಿಂದ ಎಕ್ಕಡ ತೆಗೆದು ಧೂಳು ಕೊಡವಿ ಮೆಟ್ಟಿಕೊಂಡು ಕಣಕ್ಕೆ ಹೋದ. ದೊಡ್ಡಮ್ಮ ಬಾಗಿಲು ಸಾರಿಸುತ್ತಿದ್ದವಳು ಬರಿಯ ಗೂಟವನ್ನು ನೋಡುತ್ತಾ ಸೆಗಣಿಯ ಕೈಯಲ್ಲೇ ಕೂತುಬಿಟ್ಟಳು. ಅಂದು ಮಧ್ಯಾಹ್ನ ಅವಳು ನನ್ನನ್ನು ಅಡುಗೆಕೋಣೆಗೆ ಕರೆದಳು. ಅಷ್ಟು ದಿನಗಳಲ್ಲಿ ಮೊದಲ ಸಲ. ಒಲೆಯ ಪಕ್ಕದಲ್ಲಿ ಆ ಸಣ್ಣ ಮಡಕೆ ಮತ್ತೆ ಕೂತಿತ್ತು. ಉಪ್ಪಿನ ಗಡಿಗೆ ತನ್ನ ಜಾಗದಲ್ಲಿರಲಿಲ್ಲ, ದೊಡ್ಡ ಮಡಕೆಗೆ ಹಾಕಿದ ಕೂಡಲೇ ಕೈಗೆ ಎಟುಕದ ಅಟ್ಟಕ್ಕೆ ಏರಿತ್ತು. ನನ್ನ ಅಂಗೈಗೆ ಒಂದು ಸೌಟು ಸಾರು ಹಾಕಿದಳು.

"ನೋಡಮ್ಮಣ್ಣಿ. ಉಪ್ಪೈತಾ?"

ನೆಕ್ಕಿ ನೋಡಿದೆ. "ಇಲ್ಲ ದೊಡ್ಡಮ್ಮ, ಸಪ್ಪೆ."

"ನಿಜ ಹೇಳು. ನಿನ್ ನಾಲಗೆ ಸುಳ್ಳಾಡಲ್ಲ."

"ಸಪ್ಪೆನೇ ದೊಡ್ಡಮ್ಮ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೋ ಏನೋ ಎಂದುಕೊಂಡೆ. ಹಾಗೆ ಹಲವು ದಿನ ನಡೆಯಿತು. ಅವಳು ಯಾರಿಗೂ ಕಾಣದಂತೆ ಬೇಯಿಸುವುದು, ನಾನು ರುಚಿ ನೋಡುವುದು, ಆ ಸಾರು ದನದ ಬಾನಿಗೆ ಹೋಗುವುದು. ತನ್ನ ಕೈಯನ್ನು ತಾನೇ ಪಳಗಿಸುತ್ತಿದ್ದಳು. ಕೊನೆಗೊಂದು ಸಂಜೆ ಹಜಾರದಲ್ಲಿ ಎಲ್ಲರೂ ಕೂತಾಗ, ದೊಡ್ಡಪ್ಪನ ಎದುರು ನಿಂತು ಹೇಳಿದಳು:

"ಮುನ್ಯಮ್ಮ ಮನೆ ಮುರೀಲಿಲ್ಲ. ಸಪ್ಪೇಗೆ ಉಪ್ಪು ಹಾಕ್ದೋಳು ನಾನು. ಅವ್ಳು ನನ್ ಮಾನ ಉಳ್ಸಾಕೆ ಒಲೆ ಹೂಡಿದ್ಲು. ಬಯ್ಯಂಗಿದ್ರೆ ನನ್ನ ಬಯ್ಯಿ."

ನಾನು ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದೆ. ದೊಡ್ಡಪ್ಪ ಬಯ್ಯುತ್ತಾನೆಂದು ಎಲ್ಲರೂ ಕಾದರು. ಅವನು ತನ್ನ ತಟ್ಟೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. ಆಮೇಲೆ ಹಿತ್ತಲಿನ ಕಡೆಗೆ ಕೂಗಿದ:

"ಲೇ ಪಿಳ್ಳಾ, ತಟ್ಟೆ ಎತ್ಕೊಂಡು ಬಾರೋ. ಹೊಟ್ಟೆ ಹಸೀತೈತೆ."

ಅಪ್ಪ ತಟ್ಟೆ ಹಿಡಿದು ಓಡಿದ ಹಾಗೆ ಹೋದ. ನಾನೂ ಹೋದೆ. ಸಾಲು ಸರಿದು ಜಾಗ ಬಿಟ್ಟಿತು. ಗೌರಿ ನನ್ನ ಪಕ್ಕ ಕೂತು ಏನೂ ಆಗೇ ಇಲ್ಲವೆನ್ನುವ ಹಾಗೆ ಒಂದು ಮೆಣಸಿನಕಾಯಿ ನನ್ನ ತಟ್ಟೆಗೆ ಎಸೆದಳು. ಮುದ್ದೆ ಮುರಿದು ದೊಡ್ಡ ಮಡಕೆಯ ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಉರಿಯಿತು. ನುಂಗಲಾಗಲಿಲ್ಲ. ಇಷ್ಟು ದಿನ ಯಾವ ರುಚಿಗಾಗಿ ಬಾಗಿಲಲ್ಲಿ ನಿಂತು ಆಸೆಪಟ್ಟಿದ್ದೆನೋ ಆ ರುಚಿ ನನ್ನನ್ನು ಬಿಟ್ಟುಹೋಗಿತ್ತು. ಎಲ್ಲರ ನಡುವೆ ಕೂತು, ಬಾಯಲ್ಲಿ ತುತ್ತು ಇಟ್ಟುಕೊಂಡು, ನನಗೆ ಅಳು ಬಂತು. ಬಡಿಸುತ್ತಿದ್ದ ದೊಡ್ಡಮ್ಮ ನೋಡಿದಳು. ನನ್ನ ಸಾರಿನ ಬಟ್ಟಲು ತೆಗೆದುಕೊಂಡು ಹೋಗಿ, ಸಣ್ಣ ಮಡಕೆಯದನ್ನು ತುಂಬಿಸಿ ತಂದಿಟ್ಟಳು. ಸಾಲಿನ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ನಾನು. ಅವನು ನನ್ನ ಬಟ್ಟಲು ನೋಡಿ ಕಣ್ಣಲ್ಲೇ ನಕ್ಕ. ಅಂದಿನಿಂದ ಅವನ ಕೊನೆಯ ತುತ್ತು ಮತ್ತೆ ನನಗೆ ಬರತೊಡಗಿತು.

ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಕಾಲ ಅಪ್ಪ ಬದುಕಿದ. ಹಬ್ಬ, ಮದುವೆ, ಬಾಡೂಟ, ಯಾವುದರಲ್ಲೂ ಸಣ್ಣ ಮಡಕೆ ತಪ್ಪಲಿಲ್ಲ. ಅದು ಬೇಯುವಾಗ ದೊಡ್ಡಮ್ಮನ ಕೈ ಮತ್ತೆ ಒಂದು ದಿನವೂ ಅಟ್ಟದ ಕಡೆ ಹೋಗಲಿಲ್ಲ. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ನಾನು ಸೀರೆ ಉಡುವಷ್ಟು ದೊಡ್ಡವಳಾದ ಮೇಲೆ ಒಂದು ಮಳೆಗಾಲದಲ್ಲಿ ಮೂತ್ರದ ಗುಂಡಿಕಾಯಿ ಪೂರ್ತಿ ಸೋತು ಅವನು ಹೋದ. ತಿಥಿಯ ದಿನ ಅವನ ಎಡೆಗೆ ಅಡುಗೆ ಮಾಡಲು ದೊಡ್ಡಮ್ಮ ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಅವನಿಗೆ ಪ್ರಾಣವಾಗಿದ್ದ ಅವರೆಕಾಳಿನ ಉಪ್ಸಾರು ಇಟ್ಟಳು. ಏಣಿ ಹಾಕಿ ಅಟ್ಟ ಹತ್ತಿ ತಾನೇ ಉಪ್ಪಿನ ಗಡಿಗೆ ಇಳಿಸಿದಳು. ಒಳಗೆ ಕೈಯಿಟ್ಟು ಎಷ್ಟು ಬಂತೋ ಅಷ್ಟನ್ನು, ಹಿಂದಿನ ಹಾಗೆಯೇ, ನೋಡದೆ ಮಡಕೆಗೆ ಹಾಕಿದಳು.

"ಉಣ್ಣಲಿ ನನ್ ಕೂಸು" ಎಂದಳು. "ಇನ್ ಯಾವ ಡಾಕ್ಟ್ರು ಬ್ಯಾಡ ಅಂತಾನೆ?"

ಎಡೆ ಇಟ್ಟು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡು ಕಾದೆವು. ಬಾಗಿಲು ತೆಗೆದ ಮೇಲೆ ಆ ಎಲೆಯದನ್ನು ಮನೆಯವರು ಹಂಚಿಕೊಂಡು ತಿನ್ನುವುದು ರೂಢಿ. ದೊಡ್ಡಮ್ಮ ಮುದ್ದೆಯ ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ಯಾರಿಗೂ ಕೊಡದೆ ನನ್ನ ಹತ್ತಿರ ತಂದಳು. "ತಗೋ ನಂಜಿ, ನಿಂದು ಇದು" ಎಂದು ನನ್ನ ಬಾಯಿಗೆ ಇಟ್ಟಳು. ಉಪ್ಪು ಹಿಂದಿನ ಹಾಗೆಯೇ ಸರಿಯಾಗಿತ್ತು, ಒಂದು ಹರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ನುಂಗ್ಬಿಡು, ನಾಲಗೆ ಮೇಲೆ ನಿಲ್ಲಿಸ್ಕೊಬ್ಯಾಡ ಎಂದು ಹೇಳುವವನು ಸಾಲಿನಲ್ಲಿ ಇರಲಿಲ್ಲ. ನಾನು ಬಹಳ ಹೊತ್ತು ಅದನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ.